ಅವ್ವನ ಸಹಿ

ಕಳೆದ ತಿಂಗಳು ತವರಿಗೆ ಹೊರಟಿದ್ದೆ. ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬೀಳಗಿ, ಬೀಳಗಿಯಲ್ಲಿ ಬಸ್ಸು ಬದಲಿಸಿ ಹೊಳೆಯ ಕಡೆಗೆ. ಬಾಡಗಂಡಿ ಹತ್ತಿರವಾದಂತೆ ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ವಾಸನೆ ಒಳಗೆ ಬಂತು. ಅರ್ಧ ಸಿಹಿ, ಅರ್ಧ ಕೊಳೆತದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಸೀಜನ್ ಚಾಲೂ ಆತ ನೋಡ್ರಿ" ಎಂದಳು. ನಾನು ಹೂಂ ಎಂದೆನೇ ಹೊರತು ಮೂಗು ಮುಚ್ಚಲಿಲ್ಲ. ಈ ಭಾಗದಲ್ಲಿ ಹುಟ್ಟಿದವರಿಗೆ ಆ ವಾಸನೆ ವರ್ಷವರ್ಷವೂ ಬಂದು ಹೋಗುವಂಥದು. ನನಗೆ ಮಾತ್ರ ಅದು ಒಂದೇ ಒಂದು ಹಂಗಾಮಿಗೆ ಸೇರಿದ್ದು. ಆಗ ನಾನು ಬೀಳಗಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಅವ್ವ ನಮ್ಮೂರ ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಿದ್ದಳು.

ಅಧ್ಯಕ್ಷ ಆಗಬೇಕು ಅಂತ ಹತ್ತು ವರ್ಷದಿಂದ ಓಡಾಡಿದವನು ಅಪ್ಪ. ಆ ಸಲ ಕುರ್ಚಿ ಹೆಣ್ಣುಮಕ್ಕಳಿಗೆ ಮೀಸಲಾಯಿತು. ಅಪ್ಪ ಎರಡು ದಿನ ಊಟ ಬಿಟ್ಟ, ಮೂರನೇ ದಿನ ಅವ್ವನ ಆಧಾರ್ ಕಾರ್ಡು ಹುಡುಕಿದ. ಅವ್ವ ಗೆದ್ದ ದಿನ ಗುಲಾಲು ಬಿದ್ದದ್ದು ಅಪ್ಪನ ತಲೆಯ ಮೇಲೆ, ಹಾರ ಬಿದ್ದದ್ದು ಅಪ್ಪನ ಕೊರಳಿಗೆ. ಮುಧೋಳದಲ್ಲಿ ಮಾಡಿಸಿ ತಂದ ಬ್ಯಾನರಿನಲ್ಲಿ ಅಪ್ಪ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಪಾಸ್‌ಪೋರ್ಟ್ ಫೋಟೊದಷ್ಟು ಅವ್ವ. ಹೆಸರು ಮಾಳವ್ವ ಎಂದು ಬರೆಸಿ, ಮುಂದೆ ಕಂಸದಲ್ಲಿ ಅಪ್ಪನ ಹೆಸರು. ಮೆರವಣಿಗೆ ಮನೆ ಮುಂದೆ ಬಂದಾಗ ಅವ್ವ ಒಳಗೆ ಐವತ್ತು ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು.

ಊರವರು ಅಪ್ಪನನ್ನೇ "ಅಧ್ಯಕ್ಷರ" ಎಂದು ಕರೆಯತೊಡಗಿದರು. ಪಂಚಾಯತಿ ಆಫೀಸಿನಲ್ಲಿ ಅವ್ವನ ಕುರ್ಚಿಯಲ್ಲಿ ಕೂಡುತ್ತಿದ್ದವನು ಅವನೇ. ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕ, ಚೆಕ್ಕು, ಅರ್ಜಿ ಎಲ್ಲ ಸಂಜೆ ಮನೆಗೆ ಬರುತ್ತಿದ್ದವು. ಅವ್ವ ಮೂರನೇ ಇಯತ್ತೆವರೆಗೆ ಸಾಲಿಗೆ ಹೋದವಳು. ಮಾಳವ್ವ ಎಂದು ಬರೆಯುತ್ತಿದ್ದಳು, ಆದರೆ ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು ಕೂಡಬೇಕು. ಅಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. "ರೇಣಿ, ನೀ ಹಾಕು" ಎಂದು ಪೆನ್ನು ನನಗೆ ಕೊಟ್ಟ. ಒಂದು ವಾರದಲ್ಲಿ ಅವ್ವನ ಸಹಿ ಅವ್ವನಿಗಿಂತ ಚೆನ್ನಾಗಿ ನನಗೆ ಬರತೊಡಗಿತು. ಅವ್ವ ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು. "ನನ್ನ ಹೆಸರ ನಿನ್ನ ಕೈಯಾಗ ಛಂದ ಕಾಣತೈತಿ ಬಿಡು" ಎಂದು ಒಮ್ಮೆ ನಕ್ಕಿದ್ದಳು.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಕಬ್ಬು ಕಡಿಯುವ ಹಂಗಾಮು ಬಂತು.

ನಮ್ಮೂರಲ್ಲಿ ಅರ್ಧ ಮನೆಗಳಿಗೆ ಪಾಯಖಾನೆ ಇರಲಿಲ್ಲ. ಕಾಗದದ ಮೇಲೆ ಇದ್ದವು, ಮನೆಯಲ್ಲಿ ಇರಲಿಲ್ಲ. ಮಳೆಗಾಲದಿಂದ ದೀಪಾವಳಿವರೆಗೆ ಹೆಣ್ಣುಮಕ್ಕಳಿಗೆ ಕಬ್ಬಿನ ಮರೆ ಇರುತ್ತಿತ್ತು. ಕಬ್ಬು ಕಡಿದ ಮೇಲೆ ಊರ ಸುತ್ತ ಬರೀ ಬಯಲು. ಹಾಗಾಗಿ ಬೆಳಗು ಹರಿಯುವ ಮೊದಲೇ ರಸ್ತೆ ದಂಡೆಗೆ ಹೋಗಿ ಬರಬೇಕು. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹೊರಡುತ್ತಿದ್ದವು. ಕೆಲವು ಡ್ರೈವರುಗಳು ಬೇಕೆಂದೇ ಗಾಡಿ ನಿಧಾನ ಮಾಡಿ, ಲೈಟು ತಿರುಗಿಸಿ, ಹಾರ್ನು ಒತ್ತಿ ಹಿಡಿಯುತ್ತಿದ್ದರು. ಹೆಂಗಸರು ತಂಬಿಗೆ ಹಿಡಿದು ಗಬಕ್ಕನೆ ಎದ್ದು ನಿಲ್ಲಬೇಕು. ಗಾಡಿ ದಾಟಿದ ಮೇಲೆ ಕೂಡಬೇಕು. ಹಿಂದೆಯೇ ಇನ್ನೊಂದು ಗಾಡಿ.

ಒಂದು ಮುಂಜಾನೆ ಹನ್ನೆರಡು ಹದಿಮೂರು ಹೆಂಗಸರು ನೇರ ನಮ್ಮ ಮನೆಗೆ ಬಂದರು. ಮುಂದೆ ನಿಂತವಳು ಶಾಂತವ್ವ, ಅವ್ವನ ವಾರಿಗೆಯವಳು. ಅವಳ ಬಸುರಿ ಸೊಸೆ ಹಾಗೆ ಏಳಲು ಹೋಗಿ ಗಟಾರದಲ್ಲಿ ಬಿದ್ದಿದ್ದಳು.

"ಮಾಳವ್ವ, ನೀ ಅಧ್ಯಕ್ಷಿ ಹೌದೋ ಅಲ್ಲೋ? ಹೌದಂದ್ರ ನಿನ್ನ ಕುರ್ಚಿ ತಂದ ರಸ್ತಾಕ ಇಡು. ಅದರ ಮರೀಗಿ ಕುಂಡರತೇವಿ" ಎಂದಳು ಶಾಂತವ್ವ.

ಅವರು ಹೋದ ಮೇಲೆ ಅವ್ವ ನನ್ನನ್ನು ಕೇಳಿದಳು, "ಸ್ಟ್ಯಾಂಡಿನ ಬಾಜೂಕಿನ ಜಾಗಾ ಹೆಣ್ಣಮಕ್ಕಳ ಪಾಯಖಾನಿಗಿ ಇಟ್ಟಾರಂತ ನೀನ ಓದಿ ಹೇಳಿದ್ದೆಲ್ಲ, ಅದು ಏನಾತು?"

ಏನಾಯಿತೆಂದು ನನಗೆ ಗೊತ್ತಿತ್ತು. ಉಪಾಧ್ಯಕ್ಷ ಸಂಗನಗೌಡ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕೆಂದಿದ್ದ. ಅಪ್ಪ ಒಪ್ಪಿದ್ದ. ಬರುವ ಶನಿವಾರದ ಸಭೆಯಲ್ಲಿ ಠರಾವು ಆಗುವುದಿತ್ತು. ಹೇಳಿದೆ.

ಶನಿವಾರ ಅವ್ವ ಇಳಕಲ್ ಸೀರೆ ಉಟ್ಟಳು. ಓದಿ ಹೇಳಲಿಕ್ಕೆ ನನ್ನನ್ನು ಕರೆದುಕೊಂಡು ಪಂಚಾಯತಿಗೆ ನಡೆದಳು. ಗೆದ್ದು ಏಳು ತಿಂಗಳಾಗಿತ್ತು. ಆ ಬಾಗಿಲು ದಾಟಿದ್ದು ಅದೇ ಮೊದಲು. ಒಳಗೆ ಅಪ್ಪ ಅವಳ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಇಲ್ಲ್ಯಾಕ ಬಂದಿ?" ಎಂದ.

"ಮೀಟಿಂಗ್ ಐತೆಲ್ಲ. ಏಳ್ರಿ."

ಎಲ್ಲರೂ ನಕ್ಕರು. ಸಂಗನಗೌಡ ಪಕ್ಕದವನ ತೊಡೆಗೆ ಹೊಡೆದು, "ಅಧ್ಯಕ್ಷರ, ಇವತ್ತ ನಿಮ್ಮ ಮನ್ಯಾಗ ಒಲಿ ಹೊತ್ತಿಲ್ಲೇನ್ರಿ?" ಎಂದ. ಅವ್ವ ಅವನ ಕಡೆ ತಿರುಗಿ, "ಅಡಗಿ ಮಾಡಿಟ್ಟ ಬಂದೇನ್ರಿ ಗೌಡ್ರ. ಹಸಿವಾಗಿದ್ರ ಹೋಗಿ ಉಣ್ರಿ" ಎಂದಳು. ಪಂಚಾಯತಿಯ ಸರಕಾರಿ ಅಧಿಕಾರಿ ಪಿಡಿಓ ತೇರದಾಳದ ಕಡೆಯ ಹುಡುಗ, ಹೊಸದಾಗಿ ಬಂದವನು. ಅವನು ತಲೆ ತಗ್ಗಿಸಿಕೊಂಡೇ, "ಕಾಯ್ದೆ ಪ್ರಕಾರ ಅವರ ಕುಂಡರಬೇಕ್ರಿ" ಎಂದ. ಅಪ್ಪ ಎದ್ದ. ಕುರ್ಚಿ ದೊಡ್ಡದಿತ್ತು, ಅವ್ವನ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ನಾನು ಹಿಂದೆ ನಿಂತು ಮಳಿಗೆಯ ಠರಾವು ಓದಿ ಹೇಳಿದೆ. ಅವಳು ಪುಸ್ತಕ ಮುಚ್ಚಿ, "ಇದಕ್ಕ ನಾ ಸಹಿ ಹಾಕಂಗಿಲ್ಲ. ಅಲ್ಲಿ ಪಾಯಖಾನಿನ ಆಗಬೇಕು" ಎಂದಳು. ಅವತ್ತು ಮನೆಗೆ ಬರುವಾಗ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಸಂಜೆ ಅಪ್ಪ ಬಾಗಿಲು ಹಾಕಿಕೊಂಡು ಅವ್ವನನ್ನು ಚಪ್ಪಲಿಯಿಂದ ಹೊಡೆದ. ಅವಳು ಕೂಗಲಿಲ್ಲ. ಹೊಡೆತ ಮುಗಿದ ಮೇಲೆ ಎದ್ದು ಬಂದು ಅವನಿಗೇ ಊಟಕ್ಕೆ ಬಡಿಸಿದಳು. ಆಮೇಲೆ ಅಡುಗೆಮನೆಗೆ ನನ್ನನ್ನು ಕರೆದು, "ಇನ್ನ ಮ್ಯಾಲೆ ನನ್ನ ಸಹಿ ನೀ ಹಾಕಬ್ಯಾಡ. ಎಷ್ಟ ಹೊತ್ತ ಹಿಡದ್ರೂ ನಾನ ಹಾಕತೇನಿ" ಎಂದಳು. ಅವಳ ಬಾಯಿಯ ಮೂಲೆ ಬಾತಿತ್ತು.

ಎರಡು ತಿಂಗಳು ಹಾಗೆಯೇ ನಡೆಯಿತು. ಅವ್ವ ವಾರಕ್ಕೆ ಎರಡು ಸಲ ಪಂಚಾಯತಿಗೆ ಹೋಗತೊಡಗಿದಳು. ಅವಳು ಬಂದರೆ ಮೆಂಬರುಗಳು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕೋರಂ ಇಲ್ಲವೆಂದು ಸಭೆ ಮುಂದೆ ಹೋಗುತ್ತಿತ್ತು. "ಕುರ್ಚಿ ಏರಿದ ಮ್ಯಾಲೆ ಸೆರಗ ಇಳಿತು" ಎಂದು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅವಳು ಒಬ್ಬಳೇ ಬೀಳಗಿಯ ತಾಲೂಕು ಪಂಚಾಯತಿಗೆ ಹೋಗಿ ಇಂಜಿನಿಯರನ ಟೇಬಲ್ ಮುಂದೆ ನಿಂತು ಬರುತ್ತಿದ್ದಳು.

ಜನವರಿಯ ಒಂದು ದಿನ ಹಾಗೆ ಹೋದವಳಿಗೆ ಬಸ್ಸು ತಪ್ಪಿತು. ಅಲ್ಲಿಗೆ ಮೀಟಿಂಗಿಗೆಂದು ಬಂದಿದ್ದ ಪಿಡಿಓ ತನ್ನ ಬೈಕಿನಲ್ಲಿ ಊರ ಕ್ರಾಸಿನವರೆಗೆ ತಂದು ಬಿಟ್ಟ. ಯಾರೋ ಫೋಟೊ ತೆಗೆದರು. ಬೈಕಿನ ಹಿಂದೆ ಅವ್ವ, ಗಾಳಿಗೆ ಸೆರಗು ಹಾರಿದೆ, ಬೀಳದಿರಲೆಂದು ಒಂದು ಕೈ ಅವನ ಹೆಗಲ ಮೇಲೆ. "ಅಧ್ಯಕ್ಷರ ಹೊಸಾ ಗಾಡಿ" ಎಂದು ಕೆಳಗೆ ಬರೆದು ಊರ ವಾಟ್ಸಾಪ್ ಗುಂಪಿಗೆ ಹಾಕಿದರು. ಅದರ ಕೆಳಗೆ ನಗುವ ಮುಖಗಳು, ಮತ್ತೆ ನಾನು ಇಲ್ಲಿ ಬರೆಯಲಾರದ ಮಾತುಗಳು. ಆ ಗುಂಪಿನಲ್ಲಿ ಅಪ್ಪನೂ ಇದ್ದ. ಅವನು ಒಂದಕ್ಷರ ಬರೆಯಲಿಲ್ಲ.

ಮರುದಿನ ಕಾಲೇಜಿನ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬೈಕಿನ ಸಪ್ಪಳ ಬಂತು. ಹುಡುಗರು ಬಾಯಿಂದ ಮಾಡುತ್ತಿದ್ದರು. ನಾನು ಎದ್ದರೆ ಗೇರು ಹಾಕುವ ಸಪ್ಪಳ, ಇಳಿದರೆ ಬ್ರೇಕು. ನಾಲ್ಕನೇ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಅವ್ವ ಕಾರಣ ಕೇಳಿದಾಗ ಹೇಳಿದೆ.

"ಸುಳ್ಳ ಮಾತಿಗಿ ಯಾಕ ಅಂಜತಿ? ಹೋಗು" ಎಂದಳು.

"ನಿನಗೇನ ಬೇ, ನೀ ಹೋಗಿ ಕುರ್ಚಿ ಮ್ಯಾಲ ಕುಂಡರತಿ. ಬಸ್ಸಿನ್ಯಾಗ ನಾ ನಿಂದರಬೇಕು" ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಅವನ ಹೆಗಲ ಮ್ಯಾಲ ಯಾಕ ಕೈ ಇಟ್ಟಿದ್ದಿ?"

ಅವ್ವ ನನ್ನನ್ನು ನೋಡಿದಳು. ಅಪ್ಪ ಚಪ್ಪಲಿ ತೆಗೆದುಕೊಂಡಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು.

ಫೆಬ್ರುವರಿಯಲ್ಲಿ, ಅವ್ವ ಬೀಳಗಿಗೆ ಹೋಗಿದ್ದ ಒಂದು ಮಧ್ಯಾಹ್ನ, ಅಪ್ಪ ಟೈಪು ಮಾಡಿಸಿದ ಒಂದು ಹಾಳೆ ತಂದು ನನ್ನ ಪುಸ್ತಕದ ಮೇಲೆ ಇಟ್ಟ. ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ. ಮನೆಯ ಅಡಚಣೆಯಿಂದ, ಸ್ವಂತ ಇಚ್ಛೆಯಿಂದ.

"ಆ ಫೋಟೊದ್ದ ಸುಳ್ಳಂತ ನನಗೂ ಗೊತ್ತೈತಿ. ಆದ್ರ ಊರ ಬಾಯಿ ಮುಚ್ಚಾಕ ಆಕೈತೇನು? ಅಕಿ ಕುರ್ಚಿ ಬಿಟ್ರ ತಾನ ಮುಚ್ಚತೈತಿ. ನೀ ಸಹಿ ಹಾಕು" ಎಂದ.

"ಅವ್ವ ಹಾಕಬ್ಯಾಡ ಅಂದಾಳ."

ಅಪ್ಪ ಸಿಟ್ಟಾಗಲಿಲ್ಲ. ನನ್ನ ಹತ್ತಿರ ಕೂತ. "ಬನಹಟ್ಟಿಯಿಂದ ನಿನ್ನ ಲಗ್ನಕ್ಕ ಒಂದ ಮನಿತನ ಬಂದೈತಿ. ಮಗ್ಗದವರು, ನಾಕ ಪಾವರ್‌ಲೂಮ್ ಅದಾವು. ಇದ್ರಾಗ ಸಹಿ ಹಾಕಿದ್ಯಂದ್ರ ಅವರಿಗಿ ಒಲ್ಲೆ ಅಂತೇನಿ. ಪರೀಕ್ಷಾ ಮುಗಸು, ಧಾರವಾಡಕ್ಕ ಹೋಗು, ಬೇಕಾದ್ದ ಓದು. ಬೀರಪ್ಪನ ಆಣಿ, ನಾ ಅಡ್ಡ ಬರಂಗಿಲ್ಲ. ಹಾಕಲಿಲ್ಲ ಅಂದ್ರ ಯುಗಾದಿ ಆದ ಮ್ಯಾಲೆ ಅಕ್ಕಿಕಾಳ ಹಾಕಿ ಕಳಸತೇನಿ."

ನಾನು ಎಷ್ಟು ಹೊತ್ತು ಯೋಚಿಸಿದೆ ಎಂದು ನೆನಪಿಲ್ಲ ಅಂತ ಬರೆಯಬಹುದು. ಆದರೆ ನೆನಪಿದೆ. ಸ್ವಲ್ಪ ಹೊತ್ತೂ ಯೋಚಿಸಲಿಲ್ಲ. ಬಸ್ಸಿನ ಸಪ್ಪಳ ಕಿವಿಯಲ್ಲಿತ್ತು. ಅವ್ವನ ಮೇಲೆ ಸಿಟ್ಟಿತ್ತು. ಅವಳು ಸುಮ್ಮನೆ ಮನೆಯಲ್ಲಿದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಊರ ಗಂಡಸರ ಹಾಗೆಯೇ ನಾನೂ ನಂಬಿದ್ದೆ. ಪೆನ್ನು ತೆಗೆದು ಮಾಳವ್ವ ಎಂದು ಬರೆದೆ.

ಅಪ್ಪ ಹಾಳೆ ಮಡಚುತ್ತ ಹೇಳಿದ, "ಜಮಖಂಡಿ ಎ.ಸಿ. ಸಾಹೇಬರ ಆಫೀಸಿಗೆ ಕೊಡತೇನಿ. ಹತ್ತ ದಿನದಾಗ ಅಕಿ ಹೋಗಿ ವಾಪಸ್ ತಗೊಂಡ್ರ ರದ್ದ ಆಕೈತಿ. ಇಲ್ಲಂದ್ರ ಮುಗೀತು. ಹತ್ತ ದಿನ ಬಾಯಿ ಮುಚ್ಚಿಕೊಂಡಿರು."

ಹತ್ತು ದಿನ ನಾನು ಪುಸ್ತಕ ತೆರೆದಿಟ್ಟುಕೊಂಡು ದಿನ ಎಣಿಸಿದೆ. ಪರೀಕ್ಷೆ ಹತ್ತಿರವೆಂದು ಅವ್ವ ನನ್ನಿಂದ ಒಂದು ತಂಬಿಗೆ ನೀರೂ ತರಿಸುತ್ತಿರಲಿಲ್ಲ. ಹಾಲಿನ ಕೆನೆ ತೆಗೆದು ನನಗೆಂದೇ ಇಡುತ್ತಿದ್ದಳು. ನಾನಾಡಿದ ಮಾತನ್ನು ಮರೆತವಳ ಹಾಗೆ ಇದ್ದಳು. ಎಂಟನೇ ದಿನ ಮಧ್ಯಾಹ್ನ ಬಿಸಿಲಲ್ಲಿ ಬಂದವಳೇ ಬಾಗಿಲಲ್ಲೇ ಕೂಗಿದಳು, "ರೇಣಿ, ಇಂಜಿನಿಯರ ಬಂದಿದ್ದ! ಜಾಗಾ ಅಳದ ಸುಣ್ಣ ಹೊಡದ ಹೋದ. ಆರ ಖೋಲಿ, ಮ್ಯಾಲೆ ನೀರಿನ ಟಾಕಿ. ಶಾಂತವ್ವ ಅಲ್ಲೇ ನಿಂತ ಅತ್ತಳಬೇ."

ಆಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಅವಳ ಬೆರಳು ನೆತ್ತಿಯ ಮೇಲೆ ಆಡುತ್ತಿದ್ದವು. ಇನ್ನೂ ಎರಡು ದಿನವಿತ್ತು. ಮರುದಿನ ಮೊದಲ ಬಸ್ಸು ಹಿಡಿದರೆ ಸಾಕಿತ್ತು.

"ಯವ್ವಾ" ಎಂದೆ.

"ಏನಬೇ?"

"ಸ್ವಲ್ಪ ನೀರ ಕೊಡು."

ಹನ್ನೆರಡನೇ ದಿನ ಪಂಚಾಯತಿಗೆ ಹೋದ ಅವ್ವನಿಗೆ ಪಿಡಿಓ ಸುದ್ದಿ ಹೇಳಿದ. ನಿಮ್ಮ ರಾಜೀನಾಮೆ ಊರ್ಜಿತ ಆಗಿದೆಯೆಂದು ಕಾಗದ ಬಂದಿದೆ ಎಂದ. ಅವಳು ನಿಂತ ಕಾಲಲ್ಲೇ ಮನೆಗೆ ಬಂದು, "ನಡಿ ಜಮಖಂಡಿಗಿ. ನಿಮ್ಮಪ್ಪ ಖೊಟ್ಟಿ ಸಹಿ ಹಾಕ್ಯಾನ. ಸಾಹೇಬರ ಮುಂದ ನೀ ಓದಿ ಹೇಳು, ನಾ ಮಾತಾಡತೇನಿ" ಎಂದಳು. ನಾನು ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟೆ. ಬಸ್ಸಿನುದ್ದಕ್ಕೂ ಅವಳು ಸಾಹೇಬರ ಮುಂದೆ ಆಡಬೇಕಾದ ಮಾತು ರೂಢಿ ಮಾಡುತ್ತಿದ್ದಳು. ನನ್ನ ಮೇಲೆ ಅವಳಿಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ.

ಸಾಹೇಬರು ಒಳ್ಳೆಯ ಮನುಷ್ಯ. ಅವಳಿಗೆ ಕುರ್ಚಿ ಕೊಟ್ಟು ಕೂರಿಸಿ, ಕಡತ ತರಿಸಿದರು. "ನೋಡಮ್ಮಾ, ಹತ್ತು ದಿನದೊಳಗೆ ಬಂದಿದ್ದರೆ ನೀವು ವಾಪಸ್ ತಗೋಬಹುದಿತ್ತು. ಈಗ ಒಂದೇ ದಾರಿ. ಇದು ನನ್ನ ಸಹಿ ಅಲ್ಲ ಅಂತ ಬರೆದುಕೊಡಿ. ನಾನು ಪೊಲೀಸರಿಗೆ ಕಳಿಸ್ತೀನಿ. ಯಾರು ಹಾಕಿದಾರೋ ಅವರ ಮೇಲೆ ಕೇಸ್ ಆಗ್ತದೆ, ನಿಮ್ಮ ಕುರ್ಚಿ ನಿಮಗೆ ಉಳೀತದೆ" ಎಂದು ಹಾಳೆಯನ್ನು ಅವಳ ಮುಂದೆ ತಿರುಗಿಸಿದರು.

ಅವ್ವ ಬಗ್ಗಿ ನೋಡಿದಳು. ಅಪ್ಪ ಹಾಕಿದ್ದರೆ ಅಕ್ಷರ ಸೊಟ್ಟಗಿರುತ್ತಿದ್ದವು. ಇದು ತಡೆಯಿಲ್ಲದೆ ಹರಿದ ಸಹಿ. ಏಳು ತಿಂಗಳು ಪ್ರತಿ ಸಂಜೆ ಅವಳ ಕಣ್ಣ ಮುಂದೆಯೇ ಬಿದ್ದ ಸಹಿ. ಅವಳು ಅದರ ಮೇಲೆ ಬೆರಳಿಟ್ಟಳು. ಬೆರಳು ಹಾಗೇ ನಿಂತಿತು. ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅಷ್ಟು ಸಾಕಾಗಿತ್ತು.

"ಹೇಳಿಯಮ್ಮಾ, ನಿಮ್ಮದು ಹೌದೋ ಅಲ್ಲವೋ?"

ಅವ್ವ ಬೆರಳು ತೆಗೆದು ಹಾಳೆಯನ್ನು ಸಾಹೇಬರ ಕಡೆಗೆ ತಿರುಗಿಸಿದಳು.

"ನಂದ ಐತ್ರಿ" ಎಂದಳು ಅವ್ವ.

ಬಸ್‌ಸ್ಟ್ಯಾಂಡಿನವರೆಗೆ ಅವಳು ಮುಂದೆ, ನಾನು ಹಿಂದೆ. ಬೆಂಚಿನ ಮೇಲೆ ಕೂತ ಮೇಲೆ, ನನ್ನ ಮುಖ ನೋಡದೆ ಹೇಳಿದಳು, "ನಿಮ್ಮಪ್ಪ ಹಾಕಿದ್ರ ಜೇಲಿಗೆ ಕಳಸತಿದ್ನಿ. ಖರೇನ ಕಳಸತಿದ್ನಿ." ಆಮೇಲೆ ಕೇಳಿದಳು, "ಏನ ಕೊಡತೇನಂದ?"

"ಧಾರವಾಡಕ್ಕ ಕಳಸತೇನಿ ಅಂದ."

ಅವ್ವ ನಕ್ಕಳು. ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. "ಕಳಸತಾನ. ಹಾದಿ ಕಾಯಿ" ಎಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಮುಂದೆ ಹೋಗಿ ಬೇರೆಯವರ ಹತ್ತಿರ ಕೂತಳು.

ಸಂಗನಗೌಡನ ಸೊಸೆಯೂ ಮೆಂಬರಾಗಿದ್ದಳು, ಹದಿನೈದು ದಿನದಲ್ಲಿ ಅವಳು ಅಧ್ಯಕ್ಷೆಯಾದಳು. ಅವಳ ಮುಖ ನಾವು ಯಾರೂ ಸರಿಯಾಗಿ ನೋಡಲಿಲ್ಲ, ಫೋಟೊದಲ್ಲೂ ಸೆರಗು ಇತ್ತು. ಸುಣ್ಣ ಹೊಡೆದ ಜಾಗದಲ್ಲಿ ಮಳಿಗೆಯ ಪಾಯ ತೋಡಿದರು. ಮೊದಲ ಮಳಿಗೆ ಅಪ್ಪನಿಗೆ ಸಿಕ್ಕಿತು. ಶಾಂತವ್ವ ಒಂದು ಮುಂಜಾನೆ ನಮ್ಮ ಬಾಗಿಲ ಮುಂದೆ ನಿಂತು, "ನಿನಗೂ ಅವರ ಪೇಢೇ ತಿನ್ನಿಸಿದ್ರೇನ ಮಾಳವ್ವ?" ಎಂದು ಕೇಳಿ ಅಂಗಳದಲ್ಲಿ ಉಗುಳಿ ಹೋದಳು. ಅವ್ವ ನೀರು ಹಾಕಿ ಅಂಗಳ ತೊಳೆದಳು. ನಾನು ಒಳಗೆ ಕೂತು ಇತಿಹಾಸ ಓದುತ್ತಿದ್ದೆ.

ಫಲಿತಾಂಶ ಬಂತು, ನಾನು ಫಸ್ಟ್ ಕ್ಲಾಸ್. ಧಾರವಾಡದ ಅರ್ಜಿ ತುಂಬಲು ಅಪ್ಪನ ಮುಂದೆ ನಿಂತೆ. ಅವನು ಹಲ್ಲುಕಡ್ಡಿ ಆಡಿಸುತ್ತ, "ಊರಾಗ ತಾಯಿ ಹೆಸರ ಕೆಟ್ಟೈತಿ. ಅಂಥಾಕಿ ಮಗಳನ್ನ ಹಾಸ್ಟೆಲಿನ್ಯಾಗ ಇಟ್ರ ಮಂದಿ ಏನಂದಾರು? ಬನಹಟ್ಟಿಯವರು ಇದನ್ನೆಲ್ಲಾ ಕೇಳಿನೂ ಒಪ್ಯಾರ, ಅದು ನಿನ್ನ ಪುಣ್ಯಾ" ಎಂದ.

ನಾನು ಅವ್ವನ ಹತ್ತಿರ ಓಡಿದೆ. ಅವಳು ಒಲೆಯ ಮುಂದೆ ಕೂತಿದ್ದಳು. ಕಾಲು ಹಿಡಿದು ಅತ್ತೆ. "ಒಂದ ಮಾತ ಹೇಳಬೇ. ನೀ ಹೇಳಿದ್ರ ಕೇಳತಾನ. ನೀ ಯಾರಿಗೂ ಅಂಜಾಂಗಿಲ್ಲ" ಎಂದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಮಾತ ಯಾಂವ ಕೇಳತಾನ? ನಂದೊಂದ ಹೆಸರಿತ್ತು, ಅದನ್ನ ನೀ ಮಾರಿದಿ. ಈಗ ಬಂದ ಕಾಲ ಹಿಡಿಯಾಕತ್ತಿ. ಕಾಲ ಬಿಡು, ರೊಟ್ಟಿ ಸೀಯತೈತಿ" ಎಂದಳು.

ಗಂಡಿನವರು ಬಂದ ದಿನ ಅಪ್ಪ ಎಲ್ಲರ ಮುಂದೆ ಅವಳನ್ನು ಕೇಳಿದ, "ನಿನ್ನ ಅಭಿಪ್ರಾಯ ಏನ?" ಅವಳು ಬಾಗಿಲ ಹಿಂದೆ ನಿಂತು, "ನೀವ ಹೇಳಿದಂಗ" ಎಂದಳು. ಗಂಡಿನವರು ಬಹಳ ಮೆಚ್ಚಿಕೊಂಡರು.

ಮೇ ತಿಂಗಳಲ್ಲಿ, ನನಗೆ ಹದಿನೆಂಟು ತುಂಬಿದ ಮೂರನೇ ವಾರದಲ್ಲಿ ಮದುವೆ. ಕಾರ್ಖಾನೆ ಬಂದ್ ಆಗಿತ್ತು, ಗಾಳಿಯಲ್ಲಿ ಧೂಳಿನ ಹೊರತು ಬೇರೆ ವಾಸನೆ ಇರಲಿಲ್ಲ. ಬನಹಟ್ಟಿಯ ಗಾಡಿ ಬಾಗಿಲಲ್ಲಿ ನಿಂತಿತ್ತು. ಜಮಖಂಡಿಯಿಂದ ಬಂದ ಮೇಲೆ ಅವ್ವ ನನ್ನ ಮೈ ಮುಟ್ಟಿರಲಿಲ್ಲ. ಉಡಿ ತುಂಬಲು ಮಾತ್ರ ಅವಳೇ ಬರಬೇಕಾಯಿತು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬುಸದ ಅರಿವೆ ಒಂದೊಂದಾಗಿ ಹಾಕಿದಳು. ನನ್ನ ಸೆರಗಿನ ಗಂಟು ಬಿಗಿ ಮಾಡುತ್ತ ಕಿವಿಯ ಹತ್ತಿರ ಬಗ್ಗಿದಳು. ಸುತ್ತ ನಿಂತ ಹೆಂಗಸರು ತಾಯಿ ಮಗಳಿಗೆ ಹರಸುತ್ತಿದ್ದಾಳೆಂದು ಕಣ್ಣು ಒರೆಸಿಕೊಂಡರು.

"ನಿನಗ ಹೆಣ್ಣ ಹುಟ್ಟಿದ್ರ, ಅಕಿಗಿ ನಿನ್ನ ಸಹಿ ತೋರಸಬ್ಯಾಡ" ಎಂದಳು ಅವ್ವ.